ಹೊಟ್ಟೆಯಲ್ಲಿ ಟಿವಿ

ಮೂರು ತಿಂಗಳಿಂದ ಮಗಳ ಮಗ ಬೇಲೂರಿನಲ್ಲಿ ನನ್ನ ಹತ್ತಿರವೇ ಇದ್ದಾನೆ. ಬರುವ ಕಾರ್ತೀಕಕ್ಕೆ ಮೂರು ವರ್ಷ ತುಂಬುತ್ತದೆ. ಬೆಳಗ್ಗೆ ಹಾಲು ಕುಡಿದ ಮೇಲೆ ಅರ್ಧ ಗಂಟೆ ಟಿವಿ, ಅದೂ ಒಂದೇ ಕಾರ್ಯಕ್ರಮ, ಟೆಲಿಟಬ್ಬೀಸ್. ಹೋದ ಭಾನುವಾರ ಬೆಂಗಳೂರಿನಿಂದ ಬಂದ ಮಗಳು ಐದು ನಿಮಿಷ ನೋಡಿದವಳೇ, "ಅಮ್ಮಾ, ಏನಿದು? ಸೂರ್ಯನೊಳಗೆ ಮಗು ಮುಖ, ಹೊಟ್ಟೇಲಿ ಟಿವಿ... ನಂಗೇ ಹೆದರಿಕೆ ಆಗ್ತಿದೆ. ಇವನಿಗೇನಾದ್ರೂ ಆದ್ರೆ?" ಅಂದಳು. ಆ ಹೊತ್ತಿಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಇಡೀ ವಾರ ಅದೇ ಯೋಚನೆ.

ಮೊದಮೊದಲು ನನಗೂ ಹಾಗೇ ಆಗಿತ್ತು. ಹಸಿರು ದಿಬ್ಬ, ಅದರ ಕೆಳಗೊಂದು ಗುಮ್ಮಟದಂಥ ಮನೆ, ತಲೆಯ ಮೇಲೆ ಆಂಟೆನಾ ಇರುವ ನಾಲ್ಕು ಜೀವಿಗಳು. ಮನೆಗೆಲಸಕ್ಕೆ ಒಂದು ನೀಲಿ ವ್ಯಾಕ್ಯೂಮ್ ಕ್ಲೀನರ್, ಅದಕ್ಕೂ ಜೀವ ಇದೆ. ಮೊಲಗಳು ಮಾತ್ರ ನಿಜವಾದವು. ಗಾಳಿಗಿರಗಿಟ್ಲೆ ತಿರುಗಿದರೆ ಒಂದು ಜೀವಿಯ ಹೊಟ್ಟೆ ಬೆಳಗುತ್ತದೆ, ಅದರಲ್ಲಿ ಮಕ್ಕಳು ಏನೋ ಕೆಲಸ ಮಾಡುವ ಚಿತ್ರ ಬರುತ್ತದೆ. ಮುಗಿದ ತಕ್ಷಣ ಅವು "ಮತ್ತೆ, ಮತ್ತೆ" ಎಂದು ಕುಣಿಯುತ್ತವೆ, ಅದೇ ಚಿತ್ರ ಮೊದಲಿನಿಂದ ಬರುತ್ತದೆ. ಎರಡನೇ ಸಲ ನೋಡುವಾಗ ದೊಡ್ಡವರಿಗೆ ತಲೆ ಚಿಟ್ಟು ಹಿಡಿಯುತ್ತದೆ. ನನ್ನ ಮೊಮ್ಮಗ ಮೊದಲ ಸಲಕ್ಕಿಂತ ಹೆಚ್ಚು ಗಮನ ಕೊಡುವುದು ಆಗಲೇ.

ಇದನ್ನು ಯಾರೋ ಹುಚ್ಚುಹುಚ್ಚಾಗಿ ಮಾಡಿದ್ದಲ್ಲ. ಬಿಬಿಸಿಯಲ್ಲಿ 1997ರ ಮಾರ್ಚ್ 31ರಂದು ಶುರುವಾದ ಕಾರ್ಯಕ್ರಮ ಇದು. ರೂಪಿಸಿದ ಇಬ್ಬರಲ್ಲಿ ಆ್ಯನ್ ವುಡ್ ಮೊದಲು ಶಾಲೆಯಲ್ಲಿ ಪಾಠ ಹೇಳಿದವರು, ಆ್ಯಂಡ್ರೂ ಡೇವನ್‌ಪೋರ್ಟ್ ಮಾತಿನ ವಿಜ್ಞಾನ ಓದಿದವರು. ದಪ್ಪ ಉಡುಪಿನಲ್ಲಿ ತೊಪತೊಪನೆ ನಡೆಯುವ ಗಗನಯಾತ್ರಿಗಳು ಡೇವನ್‌ಪೋರ್ಟ್ ಕಣ್ಣಿಗೆ ಮಕ್ಕಳ ಹಾಗೆ ಕಂಡರಂತೆ. ಆ ನಾಲ್ಕು ಜೀವಿಗಳಲ್ಲಿ ಒಂದಾದ ಟಿಂಕಿ ವಿಂಕಿಯ ಉಡುಪು ಸುಮಾರು 10 ಅಡಿ ಎತ್ತರ. ಅಷ್ಟು ದೊಡ್ಡದರ ಪಕ್ಕ ಸಾಧಾರಣ ಮೊಲ ಇಲಿಯಂತೆ ಕಾಣುತ್ತದೆ ಎಂದು ಫ್ಲೆಮಿಶ್ ಜೈಂಟ್ ಎಂಬ ಭಾರೀ ತಳಿಯ ಮೊಲಗಳನ್ನು ತಂದು ಬಿಟ್ಟರು. ಆಗ ಆ ದೈತ್ಯರು ಎಳೆ ಮಕ್ಕಳಂತೆ ಕಂಡರು. ಮಗುವಿನ ಕಣ್ಣಿಗೆ ಲೋಕ ಎಷ್ಟು ದೊಡ್ಡದಾಗಿ ಕಾಣುತ್ತದೋ ಅದನ್ನು ಅಳೆದು ತೂಗಿ ಮಾಡಿದ ಕೆಲಸ ಇದು. ನನಗೆ ಅದರ ಮೇಲೆ ಗೌರವ ಇದೆ.

ದೊಡ್ಡವರು ನೋಡಿದರೆ ಬೇರೇನೋ ಕಾಣುತ್ತದೆ. 1999ರಲ್ಲಿ ಅಮೆರಿಕದ ಪಾದ್ರಿ ಜೆರ್ರಿ ಫಾಲ್ವೆಲ್ ಅವರ ಪತ್ರಿಕೆ, ಟಿಂಕಿ ವಿಂಕಿ ಸಲಿಂಗಿ, ಮಕ್ಕಳ ತಂದೆತಾಯಿ ಎಚ್ಚರವಾಗಿರಬೇಕು ಎಂದು ಬರೆಯಿತು. ಪುರಾವೆ ಏನೆಂದರೆ ನೇರಳೆ ಬಣ್ಣ, ತ್ರಿಕೋನದ ಆಂಟೆನಾ, ಕೈಯಲ್ಲೊಂದು ಕೆಂಪು ಚೀಲ! ಎರಡು ವರ್ಷದ ಮಗುವಿಗೆ ಅದು ಚೀಲ, ಅಷ್ಟೇ. ಅದರೊಳಗೆ ಏನಿದೆ ಅನ್ನುವುದಷ್ಟೇ ಅದಕ್ಕೆ ಬೇಕು.

ವಿಚಿತ್ರ ಅನ್ನುವುದಾದರೆ ನಮ್ಮ ಕಾಗಕ್ಕ ಗುಬ್ಬಕ್ಕನ ಕಥೆ ಏನು ಕಮ್ಮಿ? ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಮಳೆ ಬಂದು ಕಾಗಕ್ಕನ ಮನೆ ಕೊಚ್ಚಿಹೋಗುತ್ತದೆ. ನೆನೆದುಕೊಂಡು ಬಂದು "ಗುಬ್ಬಕ್ಕ, ಗುಬ್ಬಕ್ಕ, ಬಾಗಿಲು ತೆಗಿ" ಅಂದರೆ ಒಳಗಿನಿಂದ "ತಡಿ, ಮಗೂಗೆ ನೀರು ಹಾಕ್ತಿದೀನಿ". ಮತ್ತೆ ಕರೆದರೆ "ತಡಿ, ತಲೆ ಬಾಚ್ತಿದೀನಿ". ಗುಬ್ಬಿ ಮರಿಗೆ ತಲೆ ಬಾಚುವುದು! ನನ್ನ ಮಗಳು ಚಿಕ್ಕವಳಿದ್ದಾಗ ಇದನ್ನು ಒಂದು ರಾತ್ರಿಗೆ ನಾಲ್ಕು ಸಲ ಹೇಳಿಸಿಕೊಂಡಿದ್ದಾಳೆ. ಒಂದು "ತಡಿ" ಬಿಟ್ಟರೂ ಎದ್ದು ಕೂತು ತಿದ್ದುತ್ತಿದ್ದಳು. ಈಗ ಅವಳಿಗೆ ಅದು ನೆನಪಿಲ್ಲ.

ಹೇಳಿದ್ದನ್ನೇ ಹೇಳಿಸಿಕೊಳ್ಳುವುದು ಹಟವಲ್ಲ, ಮಗು ಕಲಿಯುವ ರೀತಿಯೇ ಅದು. 1996ರಲ್ಲಿ ಅಮೆರಿಕದಲ್ಲಿ ಶುರುವಾದ ಬ್ಲೂಸ್ ಕ್ಲೂಸ್ ಎಂಬ ಕಾರ್ಯಕ್ರಮದ ಒಂದೇ ಕಂತನ್ನು ಸತತ ಐದು ದಿನ ತೋರಿಸುತ್ತಿದ್ದರು. ಮಕ್ಕಳಿಗೆ ಬೇಸರವಾಗಲಿಲ್ಲ, ದಿನ ಕಳೆದ ಹಾಗೆ ಟಿವಿಗೆ ಕೂಗಿ ಉತ್ತರ ಹೇಳುವುದು ಜಾಸ್ತಿಯಾಯಿತು. ಆ ಕಾರ್ಯಕ್ರಮ ಪ್ರಶ್ನೆ ಕೇಳಿ ಸುಮ್ಮನೆ ನಿಲ್ಲುತ್ತದೆ, ಮಗು ಬಾಯಿ ಬಿಡಲಿ ಎಂದು. ಡೋರಾ ಎಂಬ ಕಾರ್ಟೂನಿನ ಹುಡುಗಿ ಕೂಡ ಹಾಗೇ ಕಣ್ಣು ಪಿಳಿಪಿಳಿ ಬಿಟ್ಟು ಕಾಯುತ್ತಾಳೆ. ದೊಡ್ಡವರಿಗೆ ಆ ಮೌನ ಮುಜುಗರ. ನಾನು ನೋಡುವುದು ಅದನ್ನೇ: ಇದು ಮಗುವಿಗಾಗಿ ಕಾಯುತ್ತದೋ ಇಲ್ಲವೋ.

ಮಗಳೇ ಹಿಂದೆ ಊಟ ಮಾಡಿಸಲು ಫೋನಿನಲ್ಲಿ ಹಾಕಿಕೊಡುತ್ತಿದ್ದ ವಿಡಿಯೊಗಳಿವೆ. ಬಣ್ಣಬಣ್ಣದ ಕಾರು, ಬೆರಳು, ಮೊಟ್ಟೆ, ಒಂದು ಮುಗಿಯುವ ಮೊದಲೇ ಇನ್ನೊಂದು. ಅದರಲ್ಲಿ ಯಾರೂ ತಡಿ ಅನ್ನುವುದಿಲ್ಲ. ಮೊಮ್ಮಗನ ಬಾಯಿಯಲ್ಲಿ ತುತ್ತು ಹಾಗೇ ಉಳಿದಿರುತ್ತಿತ್ತು, ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಅದನ್ನು ನಾನು ನಿಲ್ಲಿಸಿದ್ದೇನೆ. ಎರಡು ದಿನ ಅತ್ತ, ಮೂರನೇ ದಿನ ಮುದ್ದೆ ಮುರಿದು ಕಾಗೆಗೆ ಹಾಕಲು ಹೊರಗೆ ಓಡಿದ. ಮಗಳಿಗೆ ಹೇಳಬೇಕಾಗಿದ್ದ ಉತ್ತರ ಇದೇ. ಸೂರ್ಯನೊಳಗಿನ ಮಗುವಿಗೆ ಹೆದರಬೇಡ, ಪಕ್ಕದಲ್ಲಿ ಅರ್ಧ ಗಂಟೆ ಕೂತ್ಕೋ. ಅವನು ನಕ್ಕಾಗ ಯಾಕೆ ನಕ್ಕ ಅಂತ ನೋಡು.

ನಿನ್ನೆ ಬಸ್ಸಿನಲ್ಲಿ ಹಳೇಬೀಡಿಗೆ ಕರೆದುಕೊಂಡು ಹೋಗಿದ್ದೆ. ಗೋಡೆಯ ಬುಡದ ಆನೆಸಾಲು ಅವನ ಕಣ್ಣಿನ ಮಟ್ಟಕ್ಕೇ ಇದೆ, ಒಂದೊಂದಕ್ಕೂ "ಆನೆ, ಆನೆ" ಎನ್ನುತ್ತಾ ನಡೆದ. ಮೇಲಿನ ಮಕರಗಳ ಸಾಲು ತೋರಿಸಲು ಎತ್ತಿಕೊಳ್ಳಬೇಕಾಯಿತು. ಆನೆಯ ಸೊಂಡಿಲು, ಮೊಸಳೆಯ ಬಾಯಿ, ಸಿಂಹದ ಕಾಲು, ನವಿಲಿನ ಬಾಲ. ಹೊಯ್ಸಳರ ಶಿಲ್ಪಿಗಳು ಅದನ್ನು ಎಷ್ಟು ನೆಮ್ಮದಿಯಾಗಿ, ಅಂಥ ಪ್ರಾಣಿ ಹಿತ್ತಲಲ್ಲೇ ಓಡಾಡಿಕೊಂಡಿತ್ತು ಅನ್ನುವ ಹಾಗೆ ಕಡೆದಿದ್ದಾರೆ! ಪಕ್ಕದಲ್ಲಿ ಗೈಡ್ ಪ್ರವಾಸಿಗರಿಗೆ ಯಾವ ಅಂಗ ಯಾವ ಪ್ರಾಣಿಯದು ಎಂದು ವಿವರಿಸುತ್ತಿದ್ದರು. ನನ್ನ ಮೊಮ್ಮಗ ವಿವರ ಕೇಳಲಿಲ್ಲ. ತುಂಬಾ ಹೊತ್ತು ನೋಡಿದ. ಆಮೇಲೆ ಮಕರದ ಹೊಟ್ಟೆಯ ಕಡೆ ಬೆರಳು ಮಾಡಿ, "ಅಜ್ಜಿ, ಆನ್ ಮಾಡು" ಅಂದ.

ಇಬ್ಬರೂ ನಿಂತು ಕಾದೆವು.