ಗೀಸರ್ ಓಡೋ ವೈರಲ್ಲಿ ಫ್ರಿಜ್ ಓಡಲ್ವಾ ಅಂತೆ!

ಇಲ್ಲ, ಇದನ್ನ ಬಿಟ್ಟುಬಿಡೋಕೆ ಆಗ್ತಾನೇ ಇಲ್ಲ. ನನ್ನ ಪಿಕಪ್ಪಿನ ಡೆಕ್ಕಲ್ಲಿ, ಅಂದ್ರೆ ಹಿಂದೆ ಸಾಮಾನು ಹಾಕೋ ತೊಟ್ಟೀಲಿ, ಒಂದು ಫ್ರಿಜ್ಜು, ಅದನ್ನ ಓಡಿಸೋಕೆ ಇನ್ನೊಂದು ಲಿಥಿಯಂ ಬ್ಯಾಟರಿ ಕೂರಿಸಿ ವೈರಿಂಗ್ ಮಾಡೋಕೆ ಆಕ್ಸೆಸರೀಸ್ ಅಂಗಡಿಯವನಿಗೆ ಕೊಟ್ಟಿದ್ದೆ. ಅವನು ಹಾಕಿದ ವೈರು 2.5 ಸ್ಕ್ವೇರ್, ಅಂದ್ರೆ 2.5 ಚದರ ಮಿಲಿಮೀಟರ್ ದಪ್ಪದ್ದು! ಮನೆ ಗೋಡೆಯೊಳಗೆ ಎಳೀತಾರಲ್ಲ, ಆ ಕೆಂಪು ವೈರು! ಅದನ್ನ ಬಾನೆಟ್‌ನಿಂದ ಹಿಂದಿನ ಡೆಕ್‌ವರೆಗೆ ಆರು ಮೀಟರ್ ಎಳೆದು, ಮೇಲೊಂದು ಕರಿ ಪೈಪ್ ತೊಡಿಸಿ, ಜಿಪ್ ಟೈ ಬಿಗಿದು, "ಲಡಾಖ್ ರೆಡಿ ಸಾರ್" ಅಂತ ಕೀ ಕೊಟ್ಟಿದ್ದಾನೆ. ಪೈಪ್ ಸೀಳಿ ನೋಡದಿದ್ರೆ ದೇವರಿಗೂ ಗೊತ್ತಾಗಲ್ಲ. ಸೀಳಿದ್ದು ಇವತ್ತು. ಅದೂ ಡೆಕ್‌ನ ಅರ್ತ್ ಬೋಲ್ಟ್ (ಮೈನಸ್ ವೈರ್ ಬಿಗಿದಿರೋ ಬೋಲ್ಟ್) ಸುತ್ತ ಪೇಂಟ್ ಗುಳ್ಳೆ ಎದ್ದು, ಕಂದಿ, ಸುಟ್ಟ ವಾಸನೆ ಬಂದ ಮೇಲೆ.

ಕೇಳಿದ್ದೇನು? ಚೀಟೀಲಿ ಬರೆದೇ ಕೊಟ್ಟಿದ್ದು. 16 ಸ್ಕ್ವೇರ್ ತಾಮ್ರದ ಕೇಬಲ್, ಪ್ಲಸ್ಸೂ ಮೈನಸ್ಸೂ ಎರಡೂ ಮುಂದಿನ ಬ್ಯಾಟರಿಯಿಂದಲೇ. ಪ್ಲಸ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ 50 ಆಂಪ್ ಮಿಡಿ ಫ್ಯೂಸ್ (ಬೋಲ್ಟ್ ಹಾಕಿ ಬಿಗಿಯೋ ಫ್ಯೂಸು). ಹಿಂದೆ ಲಿಥಿಯಂ ಬ್ಯಾಟರಿ ಪಕ್ಕ ಇನ್ನೊಂದು. ಯಾಕೆ ಎರಡು? ಎರಡು ತುದಿಯಲ್ಲೂ ಬ್ಯಾಟರಿ ಇದೆ, ಶಾರ್ಟ್ ಆದ್ರೆ ಎರಡು ಕಡೆಯಿಂದಲೂ ಕರೆಂಟ್ ನುಗ್ಗುತ್ತೆ. ಫ್ಯೂಸ್ ಇರೋದು ವೈರ್ ಕಾಯೋಕೆ, ಫ್ರಿಜ್ ಕಾಯೋಕಲ್ಲ. ಅವನು ಹಾಕಿರೋದು ಒಂದೇ ಒಂದು 30 ಆಂಪ್ ಬ್ಲೇಡ್ ಫ್ಯೂಸು, ಅದೂ ಹಿಂದೆ ಫ್ರಿಜ್ ಹತ್ರ! ಅಂದ್ರೆ ಸೈಲೆನ್ಸರ್ ಪಕ್ಕದಲ್ಲೇ ಹಾದು ಬರೋ ಆರು ಮೀಟರ್ ವೈರಿಗೆ ಹೇಳೋರು ಕೇಳೋರು ಯಾರೂ ಇಲ್ಲ. ಮನೆ ವೈರಿನ ಪಿವಿಸಿ ತಡೆಯೋದು 70 ಡಿಗ್ರಿ. ಬಿಎಸ್6 ಡೀಸೆಲ್‌ನ ಡಿಪಿಎಫ್, ಅಂದ್ರೆ ಹೊಗೆಯ ಮಸಿ ಹಿಡಿಯೋ ಫಿಲ್ಟರ್, ತನ್ನ ಮಸಿ ತಾನೇ ಸುಟ್ಟುಕೊಳ್ಳುವಾಗ ಒಳಗಿನ ಶಾಖ 600 ಮುಟ್ಟುತ್ತೆ. ಲೆಕ್ಕ ನೀವೇ ಹಾಕ್ಕೊಳ್ಳಿ.

ಸರಿ, ವೈರಿನ ತುಂಡು ತಗೊಂಡು ಹೋಗಿ ಕೌಂಟರ್ ಮೇಲೆ ಇಟ್ಟೆ. ಅಂಗಡಿ ತುಂಬ ಜನ. ಥಾರ್‌ಗೆ ಲೈಟ್ ಬಾರ್ ಹಾಕಿಸೋಕೆ ಬಂದಿದ್ದ ಹುಡುಗರ ದಂಡು ಬೇರೆ. ಅವನು ವೈರ್ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಮೊಬೈಲ್ ನೋಡ್ಕೊಂಡೇ, "ಸಾರ್, ಮನೇಲಿ ಗೀಸರ್ ಓಡೋದು ಇದೇ ವೈರಲ್ಲಿ. ಎರಡು ಸಾವಿರ ವ್ಯಾಟು. ನಿಮ್ ಡಬ್ಬಾ ಫ್ರಿಜ್ ಐವತ್ತು ವ್ಯಾಟು. ಓಡಲ್ವಾ?" ಅಂದ. ಒಂದು ಕ್ಷಣ ಎಲ್ಲ ಗಪ್‌ಚುಪ್. ಆಮೇಲೆ ಒಬ್ಬ ಕಿಸಕ್ ಅಂದ. ಅಷ್ಟು ಸಾಕಾಯ್ತು, ಇಡೀ ಅಂಗಡಿ ನಕ್ಕಿತು. "16 ಸ್ಕ್ವೇರ್ ಅಂದ್ರೆ ಬಿಲ್ಡಿಂಗ್‌ಗೆ ಮೇನ್ ಲೈನ್ ಸಾರ್, ಅಪಾರ್ಟ್‌ಮೆಂಟ್ ಕಟ್ತಿದೀರಾ ಡೆಕ್ ಮೇಲೆ?" ಮತ್ತೆ ನಗು. ಆ ಥಾರ್ ಹುಡುಗ ಅಂತೂ ತುಂಬ ಕಾಳಜಿಯಿಂದ, "ಅಂಕಲ್, ಕಾಡಿಗೆ ಫ್ರಿಜ್ ಯಾಕೆ ಅಂಕಲ್?" ಅಂತ ಕೇಳ್ದ. ಅಂಕಲ್ ಅಂತೆ! ಬಾಯಿಗೆ ಬಂದ ಮಾತು ಗಂಟಲಲ್ಲೇ ಸಿಕ್ಕಿಹಾಕ್ಕೊಂಡ್ತು. ಇನ್ನೊಂದು ವಿಷಯ: ಆ ವೈರಿಂಗ್ ಮಾಡಿದ ಹುಡುಗ ಅಲ್ಲೇ ಇದ್ದ. ಅವನು ನಗಲಿಲ್ಲ. ಬಗ್ಗಿ ಟೂಲ್ ಡಬ್ಬದಲ್ಲಿ ಏನೋ ಹುಡುಕ್ತಾ ಇದ್ದ, ನಾನು ಆಚೆ ಹೋಗೋವರೆಗೂ ಹುಡುಕ್ತಾನೇ ಇದ್ದ. ಅವನಿಗೆ ಗೊತ್ತು ಸ್ವಾಮಿ, ಚೆನ್ನಾಗಿ ಗೊತ್ತು!

ಅಲ್ಲಿ ಹೇಳೋಕಾಗದ ಉತ್ತರ ಇಲ್ಲಿ ಹೇಳ್ತೀನಿ, ಯಾರಾದ್ರೂ ಕೇಳಿಸ್ಕೊಳ್ಳಿ. ಗೀಸರ್ 2000 ವ್ಯಾಟ್, 230 ವೋಲ್ಟ್. ಎಳೆಯೋದು 9 ಆಂಪ್ ಕೂಡ ಇಲ್ಲ. ಈ ಗಾಡೀಲಿರೋದು 12 ವೋಲ್ಟ್. ಇಲ್ಲಿ ವೈರ್ ಸುಡೋದು ಫ್ರಿಜ್ ಅಲ್ಲ, ಡಿಸಿ-ಡಿಸಿ ಚಾರ್ಜರ್, ಅಂದ್ರೆ ಮುಂದಿನ ಬ್ಯಾಟರಿ ಕಡೆಯಿಂದ ಕರೆಂಟ್ ಎಳೆದು ಹಿಂದಿನ ಬ್ಯಾಟರಿ ತುಂಬಿಸೋ ಡಬ್ಬ. 20 ಆಂಪ್ ಚಾರ್ಜರ್ ಲಿಥಿಯಂ ಬ್ಯಾಟರಿಗೆ 14.4 ವೋಲ್ಟ್‌ನಲ್ಲಿ 20 ಆಂಪ್ ಕೊಡಬೇಕಂದ್ರೆ, ತಾನು ಒಳಗೆ ಎಳೆಯೋದು 27ರ ಆಸುಪಾಸು. ಗೀಸರ್‌ಗಿಂತ ಮೂರು ಪಟ್ಟು! 2.5 ಸ್ಕ್ವೇರ್ ತಾಮ್ರದ ರೆಸಿಸ್ಟೆನ್ಸ್ ಮೀಟರಿಗೆ 7.4 ಮಿಲಿಓಮ್. ಆರು ಮೀಟರಿಗೆ 44. 27 ಆಂಪ್ ಹರಿದ್ರೆ 1.2 ವೋಲ್ಟ್ ದಾರೀಲೇ ಹೋಯ್ತು. 230ರಲ್ಲಿ 1.2 ಹೋದ್ರೆ ಯಾರಿಗೂ ಗೊತ್ತಾಗಲ್ಲ, 14ರಲ್ಲಿ ಹೋದ್ರೆ ಕಥೆ ಮುಗೀತು. 16 ಸ್ಕ್ವೇರ್ ಆಗಿದ್ರೆ ಒಂದು ಕಡೆಗೆ 0.2 ವೋಲ್ಟೂ ಹೋಗ್ತಿರಲಿಲ್ಲ.

ಅರ್ತ್ ಕಥೆ ಇದಕ್ಕಿಂತ ಚೆಂದ. ಪಿಕಪ್ಪಿನ ಡೆಕ್ ಅನ್ನೋದು ಛಾಸಿ ಮೇಲೆ ಬೋಲ್ಟ್ ಹಾಕಿ ಕೂರಿಸಿದ ಬೇರೆಯದೇ ತೊಟ್ಟಿ, ಒಳಗೂ ಹೊರಗೂ ಪೇಂಟು. ಆ ಪೇಂಟ್ ಕೆರೆಯದೆ, ಪೇಂಟ್ ಕಚ್ಚಿ ಹಿಡಿಯೋ ಹಲ್ಲಿನ ಸ್ಟಾರ್ ವಾಷರ್ ಹಾಕದೆ, ಮೈನಸ್ ವೈರನ್ನ ಡೆಕ್‌ಗೆ ಬಿಗಿದಿದ್ದಾನೆ. ಎಂಜಿನ್ ಓಡ್ತಿರುವಾಗ, ಚಾರ್ಜರ್ ಆನ್ ಇರುವಾಗ, ಮಲ್ಟಿಮೀಟರ್‌ನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಆ ಬೋಲ್ಟ್‌ಗೆ ಹಿಡಿದು ನೋಡಿ. 0.1 ಒಳಗಿದ್ರೆ ಸರಿ. ಇಲ್ಲಿ ಬಂದಿದ್ದು 0.9. 27 ಆಂಪಿಗೆ 24 ವ್ಯಾಟ್ ಶಾಖ, ಒಂದೇ ಬೋಲ್ಟ್ ಮೇಲೆ! ರೇಡಿಯೋ ರಿಪೇರಿಯವರ ಸಾಲ್ಡರಿಂಗ್ ಐರನ್ ಇರೋದು 25 ವ್ಯಾಟು. ಪೇಂಟ್ ಗುಳ್ಳೆ ಏಳದೆ ಇನ್ನೇನು ಮಾಡುತ್ತೆ? ಎಂಜಿನ್ ಜೊತೆ ತಿರುಗಿ ಕರೆಂಟ್ ಮಾಡೋ ಆಲ್ಟರ್ನೇಟರ್ ಹತ್ರ 14.1 ವೋಲ್ಟ್ ಇದ್ದಿದ್ದು ಚಾರ್ಜರ್ ಮುಟ್ಟುವಾಗ 12. ಚಾರ್ಜರ್ ಪಾಪ, ಎಂಜಿನ್ ನಿಂತಿರಬೇಕು ಅಂದ್ಕೊಂಡು ಆಫ್ ಆಗುತ್ತೆ. ಲೋಡ್ ಹೋಯ್ತಲ್ಲ, ಮತ್ತೆ 14.1, ಮತ್ತೆ ಆನ್. ದಿನವಿಡೀ ಗಾಡಿ ಓಡಿಸಿದ್ರೂ ಹಿಂದಿನ ಬ್ಯಾಟರಿ ತುಂಬಲ್ಲ. ಮಲೆನಾಡಿನ ಮರದ ಕೆಳಗೆ ಸೋಲಾರ್ ಪ್ಯಾನಲ್ ಅಲಂಕಾರಕ್ಕೆ ಅಷ್ಟೇ.

ಇಷ್ಟೆಲ್ಲ ರಂಪಾಟ ಯಾಕೆ ಗೊತ್ತಾ? ದೋಸೆ ಹಿಟ್ಟು ಹುಳಿ ಬರಬಾರದು ಅಂತ. ನಗಿ ಪರವಾಗಿಲ್ಲ. 100 ಆಂಪ್-ಅವರ್ ಬ್ಯಾಟರಿ, ಕಂಪ್ರೆಸರ್ ಫ್ರಿಜ್, ಲೆಕ್ಕ, ಚೀಟಿ, ಜಗಳ, ಕೊನೆಗೆ ಒಳಗಿರೋದು ಎರಡು ಡಬ್ಬ ಹಿಟ್ಟು, ಒಂದು ಲೀಟರ್ ಮೊಸರು. ಬೇಸಗೇಲಿ ಆ ಫ್ರಿಜ್ ಸರಾಸರಿ 2 ಆಂಪ್ ಎಳೆಯುತ್ತೆ, ದಿನಕ್ಕೆ 48 ಆಂಪ್-ಅವರ್. ಬ್ಯಾಟರಿ ತುಂಬಿದ್ರೆ ಎರಡು ದಿನ ಎಲ್ಲಾದ್ರೂ ನಿಲ್ಲಬಹುದು. ತುಂಬದಿದ್ರೆ ಅವಲಕ್ಕಿ ನೆನೆಸ್ಕೊಂಡು ತಿನ್ನೋದು. ಅಂಕಲ್‌ಗೆ ಅದೇ ಲಾಯಕ್ಕು ಅಂತೀರಾ, ಅನ್ನಿ.

ಕನ್ಸ್ಯೂಮರ್ ಕೋರ್ಟಿಗೆ ಹೋಗ್ತೀನಿ ಅಂತ ಹೊರಟಿದ್ದೆ. ಬಿಲ್ ಇದೆ. ಅದರಲ್ಲಿ ಒಂದೇ ಸಾಲು: "ಆಕ್ಸೆಸರೀಸ್ ಫಿಟ್ಟಿಂಗ್". ವೈರ್ ಸೈಜೂ ಇಲ್ಲ, ಫ್ಯೂಸೂ ಇಲ್ಲ. ಏನಂತ ಸಾಬೀತು ಮಾಡೋದು? ಕಾನೂನು ಕಡೆ ತಿರುಗಿದ್ರೆ ಅದು ನಮ್ಮ ಕಡೆಗೇ ಬೆರಳು ತೋರಿಸುತ್ತೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ ಪ್ರಕಾರ ಅನುಮತಿ ಇಲ್ಲದ ಪ್ರತಿ ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಬುಲ್ ಬಾರ್ (ಗಾಡಿ ಮುಂದೆ ಹಾಕೋ ಕಬ್ಬಿಣದ ಗಾರ್ಡ್) ಹಾಕಬಾರದು, ಹಾಕಿದ್ರೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿದ್ದು 2017ರ ಡಿಸೆಂಬರ್‌ನಲ್ಲಿ. ಅಂಗಡಿ ಮುಂದೆ ಇವತ್ತಿಗೂ ಸಾಲಾಗಿ ನೇತಾಡ್ತಿವೆ. ರಸ್ತೇಲಿ ಸಿಕ್ಕಿಬೀಳೋನು ಹಾಕಿಸ್ಕೊಂಡೋನು. ಬೆಂಕಿ ಹತ್ತಿದ್ರೆ ಇನ್ಶೂರೆನ್ಸ್‌ನವರಿಗೆ ತಿಳಿಸದ ಫಿಟ್ಟಿಂಗ್ ಅನ್ನೋ ಒಂದು ನೆಪ ಸಾಕು, ಕ್ಲೇಮ್ ಮೂಲೆಗೆ. ಗಾಡಿಯ ಮೇನ್ ಬ್ಯಾಟರಿಗೆ ಕೈ ಹಾಕೋನು ವೈರಿಂಗ್ ಕಲಿತಿದ್ದಾನಾ ಇಲ್ವಾ ಅಂತ ನೋಡೋರು ಯಾರು? ಯಾರಾದ್ರೂ ಉತ್ತರ ಕೊಡ್ರಪ್ಪ!

ಉಳಿದಿದ್ದನ್ನೂ ಬಿಚ್ಚಿ ನೋಡಿದೆ. ನೀರಲ್ಲಿ ಇಳಿದಾಗಲೂ ಎಂಜಿನ್ ಮೇಲಿಂದ ಗಾಳಿ ಎಳೀಲಿ ಅಂತ ಹಾಕೋ ಎತ್ತರದ ಪೈಪು, ಸ್ನಾರ್ಕೆಲ್, ಏರ್ ಬಾಕ್ಸ್‌ಗೆ ಸೇರೋ ಜಾಗದಲ್ಲಿ ಸೀಲೇ ಇಲ್ಲ. ಐಡಲ್‌ನಲ್ಲಿ ಮೇಲಿನ ಬಾಯಿಗೆ ದಪ್ಪ ರಬ್ಬರ್ ಶೀಟ್ ಮುಚ್ಚಿದ್ರೆ ಎಂಜಿನ್ ಉಸಿರುಕಟ್ಟಿ ನಿಲ್ಲಬೇಕು, ಇದು ಆರಾಮಾಗಿ ಓಡ್ತಾನೇ ಇದೆ. ಹೊಳೇಲಿ ಇಳಿಸಿದ್ರೆ ನೀರು ಸೀದಾ ಸಿಲಿಂಡರ್‌ಗೆ. ಮುಂದೆ ಶ್ಯಾಕಲ್ (ಗಾಡಿ ಎಳೆಯೋಕೆ ಹಗ್ಗ ಸಿಕ್ಕಿಸೋ ಕಬ್ಬಿಣದ ಕೊಂಡಿ) ನೇತುಹಾಕಿರೋದು, ಲಾರಿ ಮೇಲೆ ಗಾಡಿ ಸಾಗಿಸುವಾಗ ಕಟ್ಟೋಕೆ ಇರೋ ತೆಳ್ಳನೆ ಕೊಕ್ಕೆಗೆ. ಕೆಸರಲ್ಲಿ ಹೂತ ಗಾಡೀನ ಅದರಲ್ಲಿ ಎಳೆದ್ರೆ ಕೊಕ್ಕೆ ಕಿತ್ತು ಎಳೆಯೋನ ಗಾಜಿಗೆ ಬರುತ್ತೆ. ಇನ್ನು "ಲಡಾಖ್ ರೆಡಿ" ಬ್ಯಾಟರಿಯ ಬಿಎಂಎಸ್‌ನಲ್ಲಿ (ಬ್ಯಾಟರಿ ಕಾಯೋ ಒಳಗಿನ ಸರ್ಕ್ಯೂಟ್) ಚಳಿಗೆ ಕಟ್ ಆಗೋ ವ್ಯವಸ್ಥೆಯೇ ಇಲ್ಲ. ಲಿಥಿಯಂ ಐರನ್ ಫಾಸ್ಫೇಟ್‌ನ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದ್ರೆ ಸೆಲ್ ಹಾಳು.

ಆ ಅಂಗಡಿ ಮೆಟ್ಟಿಲು ಇನ್ನು ತುಳಿಯಲ್ಲ. ರೂಫ್ ರ‍್ಯಾಕ್‌ಗೆ ಅಡ್ವಾನ್ಸ್ ಅವನ ಹತ್ರಾನೇ ಇದೆ, ಮುಂದಿನ ವಾರ ಹೋಗಲೇಬೇಕು, ಅದು ಬೇರೆ ಮಾತು.

ವೈರಿಂಗ್ ಅಂತೂ ಪೂರ್ತಿ ಕಿತ್ತು ನಾನೇ ಹಾಕೋದು. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಅಸಲಿ ತಾಮ್ರದ 16 ಸ್ಕ್ವೇರ್ ವೆಲ್ಡಿಂಗ್ ಕೇಬಲ್ 14 ಮೀಟರ್ ಎಲ್ಲಿ ಸಿಗುತ್ತೆ ಹೇಳಿ. ಬ್ಲೇಡ್‌ನಲ್ಲಿ ಎಳೆ ಕೆರೆದ್ರೆ ಬೆಳ್ಳಗೆ ಅಲ್ಯೂಮಿನಿಯಂ ಕಾಣೋ ಮಾಲು ಬೇಡ. ಕೇಬಲ್ ತುದಿಗೆ ಹಾಕೋ ಲೋಹದ ಲಗ್ ಒತ್ತಿ ಬಿಗಿಯೋಕೆ ಹೈಡ್ರಾಲಿಕ್ ಕ್ರಿಂಪರ್ ಒಂದು ದಿನಕ್ಕೆ ಬಾಡಿಗೆ ಕೊಡೋರಿದ್ರೂ ಹೇಳಿ. "ಕ್ರಿಂಪರ್ ಯಾಕೆ, ಸಾಲ್ಡರ್ ಹಾಕಿ" ಅನ್ನೋರು ದಯವಿಟ್ಟು ಸುಮ್ನಿರಿ. ಕಲ್ಲುದಾರಿಯ ಅದುರಾಟಕ್ಕೆ ಸಾಲ್ಡರ್ ಮುಗಿಯೋ ಜಾಗದಲ್ಲೇ ಎಳೆಗಳು ತುಂಡಾಗುತ್ತೆ, ಇವತ್ತು ಇನ್ನೊಬ್ಬರ ಹತ್ರ ವಾದ ಮಾಡೋ ತ್ರಾಣ ಇಲ್ಲ.