ನ್ಯೂಫೌಂಡ್‌ಲ್ಯಾಂಡ್ ಮಾರಾಟವಾಗಿರಲಿಲ್ಲ: ಒಂದು ಸ್ಪಷ್ಟನೆ

‘ಸಾಲ ತೀರಿಸಲಾಗದ ನ್ಯೂಫೌಂಡ್‌ಲ್ಯಾಂಡನ್ನು ಬ್ರಿಟನ್ 1934ರಲ್ಲಿ ಕೆನಡಾಕ್ಕೆ ಮಾರಿತು’ ಎಂಬ ಸಂದೇಶ ಹರಿದಾಡುತ್ತಿದೆ. (ನ್ಯೂಫೌಂಡ್‌ಲ್ಯಾಂಡ್ ಎಂದರೆ ಇಂದಿನ ಕೆನಡಾದ ಪೂರ್ವ ತುದಿಯ ದೊಡ್ಡ ದ್ವೀಪ.) ನಾನೂ ಅದನ್ನು ನಂಬಿ ಹಂಚಿದ್ದೆ. ಅದು ತಪ್ಪು, ಕ್ಷಮಿಸಿ.

ಸಾಲ ಮಾತ್ರ ನಿಜ. ರೈಲುಮಾರ್ಗದ ವೆಚ್ಚ, ಮೊದಲನೆಯ ಮಹಾಯುದ್ಧದ ಹೊರೆ, ಜೊತೆಗೆ ಒಣಮೀನಿನ ಬೆಲೆಕುಸಿತ ಸೇರಿ ಆ ಡೊಮಿನಿಯನ್ (ಬ್ರಿಟಿಷ್ ಸಾಮ್ರಾಜ್ಯದೊಳಗೆ ತನ್ನದೇ ಸರ್ಕಾರವಿದ್ದ ದೇಶ) ದಿವಾಳಿಯ ಅಂಚಿಗೆ ಬಂದಿತ್ತು. ನಿರ್ಗತಿಕರಿಗೆ ಸಿಗುತ್ತಿದ್ದ ಸರ್ಕಾರಿ ನೆರವು ದಿನಕ್ಕೆ ಸುಮಾರು 6 ಸೆಂಟ್. ಮೀನುಗಾರರ ಮನೆಗಳ ಆ ಹಸಿವನ್ನು ನೆನೆದರೆ ಸಂಕಟವಾಗುತ್ತದೆ. ಆದರೆ 1934ರಲ್ಲಿ ಆದದ್ದು ಮಾರಾಟವಲ್ಲ. ಅಲ್ಲಿನ ಶಾಸನಸಭೆಯೇ ಒಪ್ಪಿ ಸ್ವಯಮಾಡಳಿತವನ್ನು ಅಮಾನತಿನಲ್ಲಿಟ್ಟಿತು. ಬ್ರಿಟನ್ ನೇಮಿಸಿದ ಆಯೋಗ ಆಡಳಿತ ವಹಿಸಿಕೊಂಡಿತು. ಕೆನಡಾ ಸೇರಿದ್ದು 1949ರ ಮಾರ್ಚ್ 31ರಂದು, ಅದೂ 1948ರ ಜುಲೈ ಜನಮತಗಣನೆಯಲ್ಲಿ ಸುಮಾರು ಶೇ. 52 ಮತದಾರರು ಒಪ್ಪಿದ ಮೇಲೆ.

ದಯವಿಟ್ಟು ಹಳೆಯ ಸಂದೇಶವನ್ನು ಮುಂದೆ ಕಳುಹಿಸಬೇಡಿ. ಕಳುಹಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.