ಇದು ಡೆಮೋನಾ ಮಾವ?

ಭಾನುವಾರ ಅಮೆರಿಕದ ಹಾಡುಗಾರ ಜಾನಿ ಕ್ಯಾಶ್‌ನ 'ಮೈ ಮದರ್ಸ್ ಹಿಮ್ ಬುಕ್' (ಅಮ್ಮನ ಭಕ್ತಿಗೀತೆಗಳ ಪುಸ್ತಕ) ಆಲ್ಬಂ ಹಾಕಿಕೊಂಡು, ನೆನೆಸಿದ ಅವರೆಕಾಳು ಹಿಚುಕುತ್ತಾ ಕೂತಿದ್ದೆ. ಅಕ್ಕನ ಮಗ ಬಂದ. ಎರಡು ಹಾಡು ಕೇಳಿ, "ಇದು ಡೆಮೋನಾ ಮಾವ? ಮ್ಯೂಸಿಕ್ ಇನ್ನೂ ಸೇರಿಸಿಲ್ವಾ?" ಅಂದ.

ಮೈ ಉರಿಯಿತು. ಆದರೆ ಪ್ರಶ್ನೆ ತಪ್ಪೇನಲ್ಲ. 15 ಹಾಡು, ಒಂದು ಗಂಟಲು, ಒಂದು ಗಿಟಾರ್. ಅಷ್ಟೇ. ಕಂಟ್ರಿ, ಅಂದರೆ ಅಮೆರಿಕದ ಹಳ್ಳಿ ಕಡೆಯ ಹಾಡುಗಳ ಹಾಡುಗಾರರು ಗಾಸ್ಪೆಲ್‌ಗೆ, ಅಂದರೆ ಕ್ರೈಸ್ತ ಭಕ್ತಿಗೀತೆಗೆ ಕೈ ಹಾಕಿದರೆ ಎಷ್ಟೋ ಸಲ ಹಿಂದೆ ಕೋರಸ್ಸು, ಪಿಟೀಲಿನ ದಂಡು ಎಲ್ಲ ಬಂದು ನಿಲ್ಲುತ್ತದೆ, ದೇವರಿಗೆ ಕಿವಿ ಮಂದ ಅನ್ನುವ ಹಾಗೆ.

"ಇದು ಯಾಕೆ ಡೆಮೋ ಅಲ್ಲ ಅಂತ ಹೇಳ್ತೀನಿ, ಕೂತ್ಕೋ" ಅಂದೆ. ಹೇಳಲು ಹೊರಟಿದ್ದು ಅದನ್ನೇ. ಬಾಯಿಗೆ ಬಂದದ್ದು ಸಂಗೀತ ಪಾಠದ ಕಥೆ.

ಅರ್ಕಾನ್ಸಾಸ್‌ನ ಡೈಸ್ ಎಂಬ ಊರು. ಹತ್ತಿ ಬೆಳೆಯುವ ಬಡ ಸಂಸಾರ. ಹುಡುಗ ಕ್ಯಾಶ್‌ನ ದನಿ ಒಡೆದು ಆಳಕ್ಕೆ ಇಳಿದಾಗ ಅಮ್ಮ ಕ್ಯಾರಿಗೆ ಇದು ದೇವರು ಕೊಟ್ಟದ್ದು ಅನ್ನಿಸಿತು. ಊರವರ ಬಟ್ಟೆ ಒಗೆದು ದುಡ್ಡು ಹೊಂದಿಸಿ ಪಾಠಕ್ಕೆ ಕಳಿಸಿದಳು. ಮೇಡಂ ಪಿಯಾನೋ ನುಡಿಸುತ್ತಾ ನಯವಾದ ಹಾಡುಗಳನ್ನೇ ಹಾಡಿಸಿದರು. ಮೂರನೇ ಪಾಠಕ್ಕೆ ಅವರಿಗೇ ಸಾಕಾಯಿತು. ಪಿಯಾನೋ ಮುಚ್ಚಿ, ನಿನಗೆ ಇಷ್ಟವಾದದ್ದು ಹಾಡು ಅಂದರು. ಹುಡುಗ ಕಂಟ್ರಿ ಹಾಡುಗಾರ ಹ್ಯಾಂಕ್ ವಿಲಿಯಮ್ಸ್‌ನ ಹಾಡು ಹಾಡಿದ. ಇನ್ನು ಯಾರ ಹತ್ತಿರವೂ ಕಲಿಯಬೇಡ, ನಿನ್ನ ದನಿ ಬದಲಿಸಲು ಯಾರಿಗೂ ಬಿಡಬೇಡ, ನನಗೂ ಸೇರಿ, ಅಂತ ಕಳಿಸಿಬಿಟ್ಟರು.

ಅಂಥ ಮೇಷ್ಟ್ರು ಈಗ ಎಲ್ಲಿದ್ದಾರೆ? ಟೀವಿ ಸ್ಪರ್ಧೆಗಳಲ್ಲಿ ಎಂಟು ವರ್ಷದ ಮಗುವಿಗೂ "ಫೀಲ್ ಸಾಲದು" ಅಂತಾರೆ. ಎಂಟು ವರ್ಷಕ್ಕೆ ಎಷ್ಟು ಫೀಲ್ ಬೇಕು ಸ್ವಾಮೀ?

ಇಷ್ಟಾಗಿಯೂ ಕ್ಯಾಶ್ ಗಾಸ್ಪೆಲ್ ಹಾಡ್ತೀನಿ ಅಂತ ಮೆಂಫಿಸ್‌ನ ಸನ್ ರೆಕಾರ್ಡ್ಸ್ ಕಂಪನಿಗೆ ಹೋದರೆ, ಅದರ ಮಾಲೀಕ ಸ್ಯಾಮ್ ಫಿಲಿಪ್ಸ್ ಅದು ಮಾರಾಟವಾಗಲ್ಲ ಅಂದ. ಕ್ಯಾಶ್ 1958ರಲ್ಲಿ ಕೊಲಂಬಿಯಾ ಕಂಪನಿಗೆ ಹೋದ. ಮರುವರ್ಷವೇ ಭಕ್ತಿಗೀತೆಗಳ ಆಲ್ಬಂ ಬಂತು. ಆದರೆ ಅಮ್ಮನ ಹಳೇ ಪುಸ್ತಕದ ಹಾಡುಗಳು ಹೀಗೆ ಬರಿಗೈಯಲ್ಲಿ ಬಂದದ್ದು ಕೊನೆಗೆ, ನಿರ್ಮಾಪಕ ರಿಕ್ ರೂಬಿನ್ ಜೊತೆಗೆ. ಈ ಆಲ್ಬಂ ಬಿಡಿಯಾಗಿ ಅಂಗಡಿಗೆ ಬಂದಾಗ 2004. ಕ್ಯಾಶ್ ತೀರಿಕೊಂಡದ್ದು 2003ರ ಸೆಪ್ಟೆಂಬರ್‌ನಲ್ಲಿ. ಅದಕ್ಕೂ ಮೊದಲೇ, ತಾನು ಮಾಡಿದ್ದರಲ್ಲೆಲ್ಲ ತನಗೆ ಇಷ್ಟವಾದದ್ದು ಇದೇ ಅಂದಿದ್ದ.

ಇಲ್ಲಿ ನಾನು ನಮ್ಮಮ್ಮನ ಭಜನೆ ಪುಸ್ತಕ ತೆಗೆದು ಕಣ್ಣೊರೆಸಿಕೊಳ್ಳಬೇಕು, ಅಲ್ವಾ? ನಮ್ಮಮ್ಮನ ಹತ್ತಿರ ಇದ್ದದ್ದು ಹಾಲಿನ ಲೆಕ್ಕದ ಪುಸ್ತಕ.

ಅಷ್ಟರಲ್ಲಿ 'ಐಲ್ ಫ್ಲೈ ಅವೇ' ಬಂತು. ಎಷ್ಟೋ ಜನ ಚಪ್ಪಾಳೆ ತಟ್ಟಿಸಿ ಹಾಡಿಸುವ ಹಾಡು. ಕ್ಯಾಶ್ ಅಡುಗೆಮನೆಯಲ್ಲಿ ಯಾರಿಗೂ ಎಚ್ಚರವಾಗಬಾರದು ಅನ್ನುವಂತೆ ಹಾಡುತ್ತಾನೆ. ಅಳಿಯ ಸುಮ್ಮನಿದ್ದ. ಒಳಗೆ ಇಳೀತಾ ಇದೆ ಅಂದುಕೊಂಡೆ.

"ಮಾವ, ನಾಲ್ಕನೇ ಪಾಠಕ್ಕೆ ಅಂತ ಎತ್ತಿಟ್ಟ ದುಡ್ಡು ಏನಾಯ್ತು?"

ಅವರೆಕಾಳಿನ ಪಾತ್ರೆಯನ್ನು ಅವನ ಕಡೆ ತಳ್ಳಿದೆ. ಹಿಚುಕಲಿ.